ನಿಮಗಿದು ಗೊತ್ತೆ? ಹಸಿರು ಬಿಟ್ಟ ಜಾನ್ ಡೀರ್

ಜಾನ್ ಡೀರ್ ಟ್ರ್ಯಾಕ್ಟರ್ ಎಂದರೆ ಹಸಿರು ಮೈ, ಹಳದಿ ಚಕ್ರ. ಆದರೆ 1969ರಲ್ಲಿ ಅಮೆರಿಕದ ಈ ಕಂಪನಿ ತನ್ನ ಪುಟ್ಟ ಗಾರ್ಡನ್ ಟ್ರ್ಯಾಕ್ಟರ್‌ಗಳಿಗೆ ಬಿಳಿ ಮೈ ಕೊಟ್ಟು, ಬಾನೆಟ್ಟು, ಸೀಟಿಗೆ ಕೆಂಪು, ಕಿತ್ತಳೆ, ನೀಲಿ, ಹಳದಿ ಬಣ್ಣಗಳ ಆಯ್ಕೆ ಇಟ್ಟಿತು. ಹೆಸರು ‘ಪ್ಯಾಟಿಯೊ’ ಸರಣಿ. ಹುಲ್ಲು ಕತ್ತರಿಸುವ ಯಂತ್ರಕ್ಕೂ ಮ್ಯಾಚಿಂಗ್ ಸಂಭ್ರಮ! ಗಿರಾಕಿಗಳು ಮಾತ್ರ ಹಸಿರನ್ನೇ ಕೇಳಿದರು. ಕೆಲವೇ ವರ್ಷಗಳಲ್ಲಿ ಸರಣಿ ನಿಂತಿತು. ಅಂದು ಬೇಡವಾಗಿದ್ದವೇ ಇಂದು ಸಂಗ್ರಾಹಕರಿಗೆ ಬೇಕು. ಆ ಕಾಲದ 110, 112 ಮಾದರಿಗಳನ್ನು ಕೊಂಡು ದುರಸ್ತಿಗಿಳಿದವರು ಬಾನೆಟ್ಟನ್ನು ಉಜ್ಜುವಾಗ ಹಸಿರಿನಡಿ ಬೇರೆ ಬಣ್ಣ ಇಣುಕೀತೇ ಎಂದು ಕಣ್ಣಿಡುವುದುಂಟು. ಕೆಲವು ಪ್ಯಾಟಿಯೊಗಳಿಗೆ ಆಮೇಲೆ ಹಸಿರು ಬಳಿಯಲಾಗಿತ್ತು.