ಮನೆ ಕಟ್ಟುವಾಗ ಮೋಸ ಹೋಗದಿರೋಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತಾರೆ ಹಿರಿಯರು. ಎರಡರಲ್ಲೂ ರೊಕ್ಕ ನೀರಿನ ಹಾಗೆ ಹೋಗುತ್ತದೆ.

ಇದು ನಮ್ಮ ಬಾಗಲಕೋಟೆ ಜಿಲ್ಲೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು. ಜನ ನವನಗರಕ್ಕೆ ಬಂದು ಹೊಸ ಮನೆ ಕಟ್ಟಿದರು. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭಾ ಹೊಳೆ ಉಕ್ಕಿತು. ಬಾದಾಮಿ, ಹುನಗುಂದ ಕಡೆಯ ಊರುಗಳಲ್ಲಿ ಮನೆಗಳು ಬಿದ್ದವು. ಇಳಕಲ್ಲಿನಲ್ಲಿ ಸೀರೆ ನೇಯ್ದು ಕೂಡಿಟ್ಟ ರೊಕ್ಕದಲ್ಲಿ ಮನೆ ಕಟ್ಟುವವರಿದ್ದಾರೆ. ಪರಿಹಾರದ ಹಣವಿರಲಿ, ದುಡಿದ ಹಣವಿರಲಿ, ಒಮ್ಮೆ ಕೈಬಿಟ್ಟರೆ ಮತ್ತೆ ಬರುವುದು ಕಷ್ಟ.

ಎಲ್ಲ ಗೌಂಡಿಗಳೂ ಮೋಸಗಾರರಲ್ಲ. ನೀಯತ್ತಿನಿಂದ ದುಡಿಯುವವರೇ ಹೆಚ್ಚು. ಆದರೆ ಕೆಲವು ಗುತ್ತಿಗೆದಾರರು ಪಾಯಾ ಹಾಕಿ, ಮುಂಗಡ ಹಿಡಿದು ಮಾಯವಾಗುತ್ತಾರೆ. ಕೆಲವರು ಸಿಮೆಂಟ್ ಕಡಿಮೆ ಹಾಕುತ್ತಾರೆ. ಗಂಡಸರು ದುಡಿಯಲು ದೂರ ಹೋಗಿರುತ್ತಾರೆ. ಮನೆಯಲ್ಲಿ ಹೆಂಗಸು ಒಬ್ಬಳೇ. ಅವಳು ಏನಾದರೂ ಕೇಳಿದರೆ, “ಅಕ್ಕಾರ, ನಿಮಗ ಇದು ತಿಳಿಯಂಗಿಲ್ಲ, ಸುಮ್ಮನಿರ್ರಿ” ಅಂತಾರೆ.

ಯಾಕೆ ತಿಳಿಯುವುದಿಲ್ಲ? ಈಗ ನಮಗೆ ಓದಲು ಬರುತ್ತದೆ. ಕೂಡಿಸಲು, ಗುಣಿಸಲು ಬರುತ್ತದೆ. ಅಷ್ಟು ಸಾಕು.

ಮೊದಲು ಕಾಗದ

ಬಾಯಿ ಮಾತು ಗಾಳಿಗೆ ಹೋಗುತ್ತದೆ. ಕಾಗದ ಉಳಿಯುತ್ತದೆ. ಆದ್ದರಿಂದ ಕರಾರು ಪತ್ರ ಮಾಡಿಸೋಣ. ಅದರಲ್ಲಿ ಇವು ಇರಬೇಕು: ಮನೆಯ ಉದ್ದ, ಅಗಲ, ಎತ್ತರ. ಒಟ್ಟು ರೊಕ್ಕ ಎಷ್ಟು. ಸಾಮಾನು ಯಾರು ತರಬೇಕು. ಯಾವ ತಾರೀಖಿಗೆ ಕೆಲಸ ಮುಗಿಯಬೇಕು. ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಒಂದು ಪ್ರತಿ ನಮ್ಮ ಹತ್ತಿರ ಇರಲಿ.

ಖಾಲಿ ಕಾಗದದ ಮೇಲೆ ಸಹಿ ಬೇಡ. ಓದದೆ ಸಹಿ ಬೇಡ. ತಿಳಿಯದ ಮಾತಿದ್ದರೆ ಇನ್ನೊಬ್ಬರಿಂದ ಓದಿಸಿ ಕೇಳೋಣ.

ಕೆಲಸ ನೋಡಿ ರೊಕ್ಕ

‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ’ ಆಗಬಾರದು. ಒಮ್ಮೆಲೇ ರೊಕ್ಕ ಕೊಡಬಾರದು. ಕೆಲಸದ ಕೂಲಿ 1,20,000 ರೂಪಾಯಿ ಎಂದು ಇಟ್ಟುಕೊಳ್ಳಿ. ಅದನ್ನು ಹೀಗೆ ಹಂಚಬಹುದು:

ಪಾಯಾ ಮುಗಿದಾಗ 25,000
ಗೋಡೆ ಲಿಂಟಲ್‌ಗೆ ಬಂದಾಗ 25,000
ಸ್ಲ್ಯಾಬ್ ಹಾಕಿದಾಗ 35,000
ಗಿಲಾವು ಮುಗಿದಾಗ 20,000
ಎಲ್ಲ ಮುಗಿದ ಮೇಲೆ 15,000

ಕೊನೆಯ ಕಂತು ನಮ್ಮ ಕೈಯಲ್ಲಿದ್ದರೆ ಕೆಲಸಗಾರ ತಿರುಗಿ ಬರುತ್ತಾನೆ. ಪ್ರತಿ ಸಲ ರಸೀದಿ ಪಡೆಯಬೇಕು. ಇಲ್ಲವೇ ಬ್ಯಾಂಕಿನಿಂದ ಕೊಡಬೇಕು.

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಹಳ್ಳಿ ಮನೆಗೆ ಬೇರೆ ನಿಯಮವಿದೆ. ಅದನ್ನು ಗುತ್ತಿಗೆದಾರನಿಗೆ ವಹಿಸುವಂತಿಲ್ಲ. ಮನೆ ಸಿಕ್ಕವರೇ ಗೌಂಡಿ ಹಚ್ಚಿ ಕಟ್ಟಿಸಬೇಕು. ರೊಕ್ಕ ಹಂತ ಹಂತವಾಗಿ ಅವರ ಖಾತೆಗೇ ಬರುತ್ತದೆ. “ಬಿಲ್ ಮಾಡಿಸಿ ಕೊಡ್ತೀನಿ” ಎಂದು ಯಾರಾದರೂ ಪಾಸ್‌ಬುಕ್, ಎಟಿಎಂ ಕಾರ್ಡ್ ಕೇಳಿದರೆ ಕೊಡಬೇಡಿ.

ಅಳೆಯೋಣ, ತೂಗೋಣ

ಉಸುಕು, ಖಡಿ ಬ್ರಾಸ್ ಲೆಕ್ಕದಲ್ಲಿ ಬರುತ್ತವೆ. 1 ಬ್ರಾಸ್ ಅಂದರೆ 100 ಘನ ಅಡಿ. ಟ್ರ್ಯಾಕ್ಟರ್ ಬಂದ ಕೂಡಲೇ ಟೇಪು ಹಿಡಿಯೋಣ. ಉದ್ದ 10 ಅಡಿ, ಅಗಲ 5 ಅಡಿ, ಉಸುಕಿನ ಎತ್ತರ 2 ಅಡಿ ಇದ್ದರೆ 10 × 5 × 2 = 100. ಒಂದು ಬ್ರಾಸ್ ಸರಿ. ಎತ್ತರ ಒಂದೂವರೆ ಅಡಿ ಮಾತ್ರ ಇದ್ದರೆ? 75 ಘನ ಅಡಿ. ಕಾಲು ಬ್ರಾಸಿನ ರೊಕ್ಕ ಸುಮ್ಮನೆ ಹೋಯಿತು.

ಸಿಮೆಂಟ್ ಚೀಲ 50 ಕಿಲೋ ಇರಬೇಕು. ಯಾವಾಗ ತಯಾರಾಯಿತು ಎಂಬುದು ಚೀಲದ ಮೇಲೆ ಇರುತ್ತದೆ. ಓದಿ ನೋಡೋಣ. 3 ತಿಂಗಳಿಗಿಂತ ಹಳೆಯದು, ಗಂಟು ಕಟ್ಟಿದ್ದು ಬೇಡ. ಖಾಲಿ ಚೀಲಗಳನ್ನು ದಿನಾ ಎಣಿಸೋಣ. ಎಷ್ಟು ಸಿಮೆಂಟ್ ಹಾಕಿದರು ಎಂಬುದು ತಿಳಿಯುತ್ತದೆ.

10 ಎಂ.ಎಂ. ಕಬ್ಬಿಣದ ಸರಳು 12 ಮೀಟರ್ ಉದ್ದವಿದ್ದರೆ ಸುಮಾರು 7 ಕಿಲೋ 400 ಗ್ರಾಂ ತೂಗಬೇಕು. ಬಹಳ ಕಡಿಮೆ ಬಂದರೆ ಸರಳು ತೆಳ್ಳಗಿದೆ ಎಂದು ಅರ್ಥ. ಸ್ಲ್ಯಾಬಿಗೆ ಕಟ್ಟಿದ ಸರಳುಗಳ ಫೋಟೋ ತೆಗೆಯೋಣ. ಕಾಂಕ್ರೀಟ್ ಬಿದ್ದ ಮೇಲೆ ಒಳಗೆ ಏನಿದೆ ಎಂದು ಕಾಣುವುದಿಲ್ಲ.

ನಮ್ಮ ಕಡೆ ಬಿಸಿಲು ಹೆಚ್ಚು. ಸ್ಲ್ಯಾಬಿಗೆ ಕನಿಷ್ಠ 10 ದಿನ ನೀರು ನಿಲ್ಲಿಸಬೇಕು. ನೀರು ಕುಡಿಯದ ಸಿಮೆಂಟ್ ಬಿರುಕು ಬಿಡುತ್ತದೆ.

ಆದರೂ ಮೋಸವಾದರೆ

ಅಳುತ್ತ ಕೂಡಬಾರದು. ಮೊದಲು ಬಿರುಕು, ಅರ್ಧ ಗೋಡೆ ಎಲ್ಲದರ ಫೋಟೋ ತೆಗೆಯಿರಿ. ‘ಇಂಥ ದಿನದೊಳಗೆ ಕೆಲಸ ಸರಿ ಮಾಡು, ಇಲ್ಲವೇ ರೊಕ್ಕ ತಿರುಗಿ ಕೊಡು’ ಎಂದು ಪತ್ರ ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿ ಇಡಿರಿ.

ಅದಕ್ಕೂ ಬಗ್ಗದಿದ್ದರೆ ಬಾಗಲಕೋಟೆಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ರೊಕ್ಕ ಪಡೆದು ಮನೆ ಕಟ್ಟಿಕೊಡುವುದು ಕಾನೂನಿನಲ್ಲಿ ಒಂದು ‘ಸೇವೆ’. ಸೇವೆ ಕೆಟ್ಟರೆ ಅಲ್ಲಿ ದೂರು ಕೊಡಬಹುದು. ಕೊಟ್ಟ ರೊಕ್ಕ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಆದರೆ ಮೋಸವಾದ 2 ವರ್ಷದೊಳಗೆ ದೂರು ಕೊಡಬೇಕು. ಸಲಹೆಗೆ 1915ಕ್ಕೆ ಫೋನ್ ಮಾಡಬಹುದು.

ವಕೀಲರಿಗೆ ಕೊಡಲು ರೊಕ್ಕ ಇಲ್ಲವೇ? 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಆದಾಯ ಎಷ್ಟೇ ಇರಲಿ, ಅದು ನಮ್ಮ ಹಕ್ಕು. ಕೋರ್ಟಿನಲ್ಲಿರುವ ಕಾನೂನು ಸೇವಾ ಕಚೇರಿಗೆ ಹೋಗಿ ಕೇಳಿರಿ. ಫೋನ್ 15100.

ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದ ನಾಲ್ಕು ಜನ ಕೂಡಿ ಹೋಗೋಣ.

ಲೆಕ್ಕ ಮಾಡಿರಿ

1. ಟ್ರಾಲಿ 10 ಅಡಿ ಉದ್ದ, 6 ಅಡಿ ಅಗಲ. ಉಸುಕು 2 ಅಡಿ ಎತ್ತರ. ಎಷ್ಟು ಘನ ಅಡಿ? ಒಂದು ಬ್ರಾಸಿಗಿಂತ ಹೆಚ್ಚೋ, ಕಡಿಮೆಯೋ?
2. ಮೇಲಿನ ಐದು ಕಂತುಗಳನ್ನು ಕೂಡಿಸಿರಿ. 1,20,000 ಬಂತೇ?
3. ನಿಮ್ಮ ಓಣಿಯಲ್ಲಿ ಯಾರು ಮನೆ ಕಟ್ಟುತ್ತಿದ್ದಾರೆ? ಅವರಿಗೆ ಈ ಪಾಠ ಓದಿ ಹೇಳಿರಿ.