ಬಣ್ಣ ಆಮೇಲೆ, ಗೋಡೆ ಮೊದಲು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಿರಿಯರ ಮಾತು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ಫ್ಲ್ಯಾಟು ಕೊಂಡು ನೆಲೆಸಿದ ಕನ್ನಡಿಗರು ಇದಕ್ಕೆ ‘ಸೊಸೈಟಿ ರಿಪೇರಿ ಮಾಡಿಸಿ ನೋಡು’ ಎಂದು ಮೂರನೆಯದೊಂದನ್ನು ಸೇರಿಸಬಹುದು. ಹೊರಗೋಡೆಯ ಕೆಲಸಕ್ಕೆ ಗುತ್ತಿಗೆದಾರನನ್ನು ಹುಡುಕುವ ಮಾತು ಬಂದೊಡನೆ ಮಹಾಸಭೆಯಲ್ಲಿ ಮೊದಲು ಚರ್ಚೆಗೆ ಬರುವುದು ಬಣ್ಣ. ನಿಜವಾಗಿ ಅದು ಕೊನೆಯಲ್ಲಿ ಬರಬೇಕಾದ ವಿಷಯ.

ಕರಾವಳಿಯ ಊರುಗಳಲ್ಲಿ ಮಣ್ಣಿನ ಗೋಡೆಯ ಮನೆಗಳಿಗೆ ಮಳೆಗಾಲಕ್ಕೆ ಮೊದಲು ಮಡಲಿನ ತಟ್ಟಿ ಕಟ್ಟುತ್ತಿದ್ದುದು ಹಲವರಿಗೆ ನೆನಪಿರಬಹುದು. ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ ಎಂಬುದನ್ನು ನೋಡಿಯೇ ತಟ್ಟಿ ಕಟ್ಟುತ್ತಿದ್ದರು. ಇಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿಮಳೆ ಹೆಚ್ಚಾಗಿ ಬಡಿಯುವುದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ. ಪ್ಲಾಸ್ಟರಿನ ಬಿರುಕಿನಲ್ಲಿ ಇಳಿದ ನೀರು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸರಳು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಖಾಡಿಯ ಉಪ್ಪುಗಾಳಿ ತಾಗುವ ಕಡೆ ಇದು ಇನ್ನೂ ಬೇಗ ಆಗುತ್ತದೆ. ಮೇಲೆ ಬಣ್ಣ ಬಳಿದರೆ ರೋಗ ಮರೆಯಾಗುತ್ತದೆ, ಗುಣವಾಗುವುದಿಲ್ಲ.

ಇದು ಬರೀ ಅಂದಚೆಂದದ ಪ್ರಶ್ನೆಯಲ್ಲ. 2015ರ ಜುಲೈಯಲ್ಲಿ ಠಾಕುರ್ಲಿಯ ಹಳೆಯ ಕಟ್ಟಡ ಕುಸಿದು 9 ಮಂದಿ ಪ್ರಾಣ ಕಳೆದುಕೊಂಡರು. 2025ರ ಮೇ ತಿಂಗಳಲ್ಲಿ ಕಲ್ಯಾಣ್ ಪೂರ್ವದ ಕಟ್ಟಡವೊಂದರ ನಾಲ್ಕನೇ ಮಾಳಿಗೆಯಲ್ಲಿ ನೆಲದ ಕೆಲಸ ನಡೆಯುತ್ತಿದ್ದಾಗ ಸ್ಲ್ಯಾಬ್ ಕುಸಿದು 6 ಮಂದಿ ಮೃತಪಟ್ಟರು. ರಿಪೇರಿ ಮಾಡಿಸದಿರುವುದು ಅಪಾಯ, ಹೇಗೆಂದರೆ ಹಾಗೆ ಮಾಡಿಸುವುದೂ ಅಪಾಯ.

ಆದ್ದರಿಂದ ಮೊದಲ ಹೆಜ್ಜೆ ಸ್ಟ್ರಕ್ಚರಲ್ ಆಡಿಟ್. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪನಿಯಮಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ವರ್ಷ ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕು. ಎಂಜಿನಿಯರ್ ಕೊಟ್ಟ ವರದಿಯ ಮೇಲೆಯೇ ಟೆಂಡರ್ ತಯಾರಾಗಬೇಕು. ಗುತ್ತಿಗೆದಾರನೇ ಬಂದು ನೋಡಿ, ತಾನೇ ಕೆಲಸದ ಪಟ್ಟಿ ಬರೆದು, ತಾನೇ ದರ ಹೇಳುವುದು ಆಡಿಟ್ ಅಲ್ಲ.

ಹೊರಗೋಡೆಗೆ ಏನು ಹಾಕಿಸಬೇಕು? ಹೆಚ್ಚಿನ ಸೊಸೈಟಿಗಳಿಗೆ ಒಪ್ಪುವುದು ಸಡಿಲಗೊಂಡ ಪ್ಲಾಸ್ಟರ್ ಕೆರೆದು, ತುಕ್ಕು ಹಿಡಿದ ಸರಳನ್ನು ಶುಚಿಮಾಡಿ, ಪಾಲಿಮರ್ ಮಾರ್ಟರ್ ತುಂಬಿ, ಎರಡು ಕೋಟ್ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಅದಕ್ಕೆ ಕನಿಷ್ಠ 7 ದಿನ ನೀರುಣಿಸಿ, ಚೆನ್ನಾಗಿ ಒಣಗಿದ ಮೇಲೆ ಮಳೆ ತಡೆಯುವ ಅಕ್ರಿಲಿಕ್ ಬಣ್ಣ ಹೊಡೆಸುವುದು. ಟೆಕ್ಸ್‌ಚರ್ ಬಣ್ಣ ಸಣ್ಣ ಗೆರೆಗಳನ್ನು ಮುಚ್ಚಬಲ್ಲದು, ದೊಡ್ಡ ಬಿರುಕನ್ನಲ್ಲ. ಟೈಲ್ಸ್ ಅಥವಾ ಕಲ್ಲಿನ ಹೊದಿಕೆ ಹಳೆಯ ಗೋಡೆಗೆ ಭಾರ. ಅಂಟು ಬಿಟ್ಟರೆ ಕೆಳಗೆ ಆಡುವ ಮಕ್ಕಳ ತಲೆಯ ಮೇಲೆ ಬೀಳುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹಲಗೆ ಅಂಗಡಿಗಳಿಗೆ ಚೆಂದ. ಆದರೆ ಒಳಗೆ ಪಾಲಿಥೀನ್ ತುಂಬಿದ ಇಂಥ ಹಲಗೆಗಳ ಮೂಲಕವೇ 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನ ಮೈತುಂಬ ಬೆಂಕಿ ಹಬ್ಬಿ 72 ಮಂದಿ ಬಲಿಯಾದರು. ವಾಸದ ಕಟ್ಟಡಕ್ಕೆ ಅಂಥದ್ದು ಬೇಡವೇ ಬೇಡ.

ಇನ್ನು ಗುತ್ತಿಗೆದಾರ. ಕಡಿಮೆ ದರ ಹೇಳಿದವನೇ ಅಗ್ಗ ಎಂದು ತಿಳಿಯುವಂತಿಲ್ಲ. ಇಂಥ ಕೆಲಸದ ಬಿಲ್ಲು ಸಾಮಾನ್ಯವಾಗಿ ಚದರಡಿಯ ಅಳತೆಯ ಮೇಲೆ ಬರುತ್ತದೆ. ದರ ಕಡಿಮೆ ಇದ್ದು ಅಳತೆ ಬೆಳೆದರೆ ಲಾಭ ಯಾರಿಗೆ? ಅಳತೆ ಪುಸ್ತಕದಲ್ಲಿ ಎಂಜಿನಿಯರ್, ಗುತ್ತಿಗೆದಾರ ಹಾಗೂ ಸಮಿತಿಯ ಒಬ್ಬರು ಒಟ್ಟಿಗೆ ಸಹಿ ಹಾಕಬೇಕು. ಕಿಟಕಿಗಳ ಜಾಗವನ್ನು ಕಳೆಯಲಾಗುವುದೋ ಇಲ್ಲವೋ ಎಂಬುದು ಕರಾರಿನಲ್ಲಿ ಮೊದಲೇ ಬರೆದಿರಬೇಕು. ಎರಡು ಮಳೆಗಾಲ ಕಂಡ ಅವನ ಹಳೆಯ ಕೆಲಸವನ್ನು ಹೋಗಿ ನೋಡಿ, ಅಲ್ಲಿಯ ಕಾರ್ಯದರ್ಶಿಯನ್ನು ವಿಚಾರಿಸುವುದು ಒಳ್ಳೆಯದು. ಬಿದಿರಿನ ಪರಾಂಚಿ ಹತ್ತುವ ಕಾರ್ಮಿಕರಿಗೆ ವಿಮೆ ಇದೆಯೇ ಎಂದು ಕೇಳಿ, ಅದರ ಪ್ರತಿಯನ್ನು ಪಡೆಯಬೇಕು. ಅವರೂ ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು.

ಹಣದ ಲೆಕ್ಕವನ್ನೂ ನೋಡೋಣ. ಸಮಾನ ಅಳತೆಯ 20 ಫ್ಲ್ಯಾಟುಗಳ ಸೊಸೈಟಿಗೆ 20 ಲಕ್ಷ ರೂ. ಕೊಟೇಶನ್ ಬಂತೆನ್ನಿ. ಅದಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ 23.60 ಲಕ್ಷ, ಅಂದರೆ ಮನೆಗೆ 1.18 ಲಕ್ಷ ರೂ. ಪಿಂಚಣಿಯಲ್ಲಿ ಬದುಕುವವರಿಗೆ, ಹೋಟೆಲು ಕೆಲಸದವರಿಗೆ ಇದು ಸಣ್ಣ ಮೊತ್ತವಲ್ಲ. ಎರಡು ವರ್ಷ ಮೊದಲೇ ತಿಂಗಳ ಕಂತು ಆರಂಭಿಸಿದರೆ 5,000 ರೂ. ಒಳಗೆ ಮುಗಿಯುತ್ತದೆ. ಕಟ್ಟಡ ವೆಚ್ಚದ ವಾರ್ಷಿಕ ಶೇ. 0.25ರಂತೆ ಕೂಡಿಟ್ಟ ಸಿಂಕಿಂಗ್ ಫಂಡ್ ಇದ್ದರೆ, ವಾಸ್ತುಶಿಲ್ಪಿಯ ಪ್ರಮಾಣಪತ್ರ ಮತ್ತು ಮಹಾಸಭೆಯ ಠರಾವಿನೊಂದಿಗೆ ಅದನ್ನು ದೊಡ್ಡ ರಿಪೇರಿಗೆ ಬಳಸಬಹುದು. ಗುತ್ತಿಗೆದಾರನಿಗೆ ಹಣ ಕೊಡುವಾಗ ಟಿಡಿಎಸ್ ಕಡಿಯಲು ಮರೆಯಬಾರದು: ಏಕವ್ಯಕ್ತಿಯ ವ್ಯವಹಾರವಾದರೆ ಶೇ. 1, ಪಾಲುದಾರಿಕೆ ಅಥವಾ ಕಂಪನಿಯಾದರೆ ಶೇ. 2. ಮುಂಗಡ ಕಡಿಮೆ ಇರಲಿ. ಕೆಲಸ ಮುಗಿದಷ್ಟಕ್ಕೆ ಬಿಲ್ಲು ಪಾವತಿಯಾಗಲಿ. ಪ್ರತಿ ಬಿಲ್ಲಿನಲ್ಲಿ ಶೇ. 5 ಹಿಡಿದಿಟ್ಟರೆ ಕೊನೆಗೆ ಲಕ್ಷ ರೂ. ಸೊಸೈಟಿಯ ಕೈಯಲ್ಲಿರುತ್ತದೆ. ಮೊದಲ ಮಳೆಗೆ ಗೋಡೆ ಸೋರಿದಾಗ ಗುತ್ತಿಗೆದಾರನನ್ನು ಮರಳಿ ಕರೆಸುವುದು ಆ ಲಕ್ಷವೇ.

ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕೆಂಬುದು ನಿಯಮ. ಆಗ ಠರಾವಾದರೆ ಮಳೆ ನಿಂತ ಮೇಲೆ ಟೆಂಡರ್ ಕರೆದು ಮೇ ಒಳಗೆ ಕೆಲಸ ಮುಗಿಸಬಹುದು. ಆದರೆ ಆ ಭಾನುವಾರ ಕನ್ನಡಿಗರ ಕುರ್ಚಿಗಳು ಹೆಚ್ಚಾಗಿ ಖಾಲಿ. ಮರಾಠಿಯಲ್ಲಿ ಮಾತಾಡಲು ಸಂಕೋಚ, ಹೋಟೆಲು ಬಿಡಲಾಗದು, ಊರಿಗೆ ಹೋಗಿದ್ದೆವು ಎಂಬ ಕಾರಣಗಳು. ಬಿಲ್ಲು ಬಂದ ಮೇಲೆ ಮೆಟ್ಟಿಲ ಬಳಿ ನಿಂತು ಗೊಣಗಿದರೆ ಪ್ರಯೋಜನವಿಲ್ಲ.

ಸಂಘಗಳಲ್ಲಿ ಎಂಜಿನಿಯರರಿದ್ದಾರೆ, ಲೆಕ್ಕ ಬಲ್ಲವರಿದ್ದಾರೆ, ರಿಪೇರಿ ಮಾಡಿಸಿ ಪಾಠ ಕಲಿತ ಕಾರ್ಯದರ್ಶಿಗಳೂ ಇದ್ದಾರೆ. ವರ್ಷಕ್ಕೊಂದು ಭಾನುವಾರ ಅವರನ್ನು ಒಂದೆಡೆ ಕೂರಿಸಿ, ಸದಸ್ಯರು ತಮ್ಮ ಸೊಸೈಟಿಯ ಕೊಟೇಶನ್ ತಂದು ತೋರಿಸುವ ವ್ಯವಸ್ಥೆ ಮಾಡಿದರೆ ಅದಕ್ಕೆ ಸಭಾಗೃಹವೂ ಬೇಡ, ಹಾರತುರಾಯಿಯೂ ಬೇಡ. ಸಂಘದ ಕಚೇರಿಯ ಒಂದು ಮೇಜು ಸಾಕು.