ಹುಬ್ಬಿನ ಕೆಮ್ಮಣ್ಣು

ಮೂರ್ನಾಲ್ಕು ವರ್ಷದ ಹಿಂದೆ ಹಾಕಿಸಿದ ಹುಬ್ಬು ಈಗ ಇಟ್ಟಿಗೆ ಬಣ್ಣಕ್ಕೆ ತಿರುಗಿದೆಯಾ? ಕನ್ನಡಿ ಹತ್ತಿರ ಹೋಗಿ ನೋಡಿ. ಪರ್ಮನೆಂಟ್ ಮೇಕಪ್‌ನ ಎಷ್ಟೋ ಕಂದು ಬಣ್ಣಗಳಲ್ಲಿ ಇರೋದು ಕಬ್ಬಿಣದ ಆಕ್ಸೈಡ್. ತುಕ್ಕಿನ ಜಾತಿಯದೇ.

ಭದ್ರಾವತಿಯವರಿಗೆ ಇದನ್ನ ಹೇಳೋದು ಸುಲಭ. 1923ರಲ್ಲಿ ಶುರುವಾದ ನಮ್ಮ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಕೆಂಪು ಅದಿರು ಬರ್ತಿತ್ತು. ಕುಲುಮೆಯಲ್ಲಿ ಅದರ ಆಮ್ಲಜನಕ ಕಳೆದು ಕಬ್ಬಿಣ ಆಗ್ತಿತ್ತು. ಬಣ್ಣ ತೆಗೆಸೋಕೆ ಲೇಸರ್ ಹಾಕಿಸಿದಾಗ ಹುಬ್ಬಿನ ಬಣ್ಣಕ್ಕೂ ಸ್ವಲ್ಪ ಹಾಗೇ ಆಗಬಹುದು: ಆಮ್ಲಜನಕ ಕಳಕೊಂಡು, ಕೆಂಪು ಇದ್ದದ್ದು ಕಣ್ಣೆದುರೇ ಕಪ್ಪು! ಬಿಳಿ ಟೈಟಾನಿಯಂ ಡೈಆಕ್ಸೈಡ್ ಬೆರೆತ ತುಟಿಬಣ್ಣವೂ ಅಷ್ಟೇ. ಅದಕ್ಕೇ ಮೊದಲು ಸಾಸಿವೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿಸಿ, ಕೆಲವು ವಾರ ಕಾಯಿರಿ.

ನಮ್ಮ ಮೈಬಣ್ಣಕ್ಕೆ 1064 ನ್ಯಾನೋಮೀಟರ್ ಲೇಸರ್ ಹೆಚ್ಚು ಸುರಕ್ಷಿತ. ಬಣ್ಣ ಒಂದೇ ಸಲಕ್ಕೆ ಹೋಗಲ್ಲ; ಪ್ರತಿ ಸಲದ ನಡುವೆ ಸಾಮಾನ್ಯವಾಗಿ 6ರಿಂದ 8 ವಾರ ಬಿಡಬೇಕು. ಲೇಸರ್ ಬಣ್ಣವನ್ನ ಚೂರು ಮಾಡುತ್ತೆ, ಅದನ್ನ ಸಾಗಿಸೋದು ನಿಮ್ಮ ದೇಹ.

ಬಣ್ಣ ಹೋಗಲಿ ಅಂತ ಸುಣ್ಣ, ಆಸಿಡ್ ಕ್ರೀಮ್ ದಯವಿಟ್ಟು ಮುಖಕ್ಕೆ ಮುಟ್ಟಿಸಬೇಡಿ. ಸುಟ್ಟ ಕಲೆ ಹೋಗಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ, ಮೊದಲು ಅಲ್ಲಿ ತೋರಿಸಿ. ಹುಬ್ಬಿಗೆ ಹಾಕಿದ ಬಣ್ಣದ ಹೆಸರು ಪಾರ್ಲರ್‌ನಲ್ಲಿ ಕೇಳಿ, ಬರಕೊಂಡು ಹೋಗಿ.